ತೆರೆದಿಟ್ಟ ನಲವತ್ತು ಟ್ಯಾಬ್: ಲ್ಯಾಪ್‌ಟಾಪ್‌ಗೂ ಭಾರ, ತಲೆಗೂ ಭಾರ

ಸಿಇಟಿ ರ್‍ಯಾಂಕ್ ಬಂದ ಮನೆಯ ಲ್ಯಾಪ್‌ಟಾಪ್ ಹೇಗಿರುತ್ತದೆ ಗೊತ್ತಲ್ಲ? ಕೆಇಎ ಸೈಟ್ ಒಂದು ಟ್ಯಾಬ್‌ನಲ್ಲಿ. ಹೋದ ವರ್ಷದ ಕಟಾಫ್ ಪಿಡಿಎಫ್ ಮೊದಲ ಸುತ್ತಿನದೊಂದು, ಎರಡನೇ ಸುತ್ತಿನದೊಂದು. ಏಳೆಂಟು ಕಾಲೇಜುಗಳ ಸೈಟ್. ಹಾಸ್ಟೆಲ್ ಫೀಸಿನ ಪಟ್ಟಿ, ಕಾಲೇಜಿಗೆ ದಾರಿ ತೋರಿಸುವ ಮ್ಯಾಪ್, 'ಈ ಕಾಲೇಜು ಹೇಗಿದೆ' ಅಂತ ಯಾರೋ ಹೇಳುವ ನಾಲ್ಕು ಯೂಟ್ಯೂಬ್ ವಿಡಿಯೋ. ನಡುವೆ ಅಪ್ಪನ ಆಫೀಸ್ ಮೇಲ್, ಅಕ್ಕ ಅರ್ಧಕ್ಕೆ ಬಿಟ್ಟ ಬಸ್ ಟಿಕೆಟ್ ಬುಕಿಂಗ್. ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಆರಿಸಿ ಕೊಡುವ ಆಪ್ಷನ್ ಎಂಟ್ರಿಯ ಕೊನೆಯ ದಿನದ ಹೊತ್ತಿಗೆ ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ಸದ್ದು ಮಾಡುತ್ತಿರುತ್ತದೆ. ಬೇಕಾದ ಪಿಡಿಎಫ್ ಎಲ್ಲಿದೆ ಅಂತ ಹುಡುಕಿದರೆ ಮೇಲಿನ ಸಾಲಿನಲ್ಲಿ ಬರೀ ಪುಟ್ಟ ಪುಟ್ಟ ಚಿತ್ರಗಳು. ಅದರಲ್ಲೂ ಐದಾರು ಒಂದೇ ಥರ.

ಅಂಗಡಿಯವರನ್ನು ಕೇಳಿದರೆ 'ಮೆಮೊರಿ ಸಾಲದು, ರ್‍ಯಾಮ್ ಹಾಕಿಸಿಬಿಡಿ' ಅನ್ನುತ್ತಾರೆ. ಅದು ಈಗ ಮೊದಲಿನಷ್ಟು ಸಲೀಸಲ್ಲ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ವಿಪರೀತ ಬೇಕಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಒಂದೇ ಸಮನೆ ಏರಿತು. ಮೈಕ್ರಾನ್ ಕಂಪನಿಯಂತೂ ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ ಆ ಡಿಸೆಂಬರ್‌ನಲ್ಲಿ ಹೇಳಿತು. ಮನೆಯಲ್ಲಿರುವ 8 ಜಿಬಿ ಲ್ಯಾಪ್‌ಟಾಪ್‌ನಲ್ಲೇ ಇನ್ನೆರಡು ವರ್ಷ ದೂಡಬೇಕು ಅನ್ನುವವರು ಹಾಗಾಗಿ ಜಾಸ್ತಿ. ಅಂಥವರು ಟ್ಯಾಬ್ ಅಂದರೆ ಏನು, ಅದು ಒಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಅನುಕೂಲ.

## ಮೊದಲು ಟ್ಯಾಬ್ ಇರಲೇ ಇಲ್ಲ

ಬ್ರೌಸರ್ ಅಂದರೆ ವೆಬ್ ಪುಟಗಳನ್ನು ತೋರಿಸುವ ಆ್ಯಪ್. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಲ್ಲವೂ ಬ್ರೌಸರ್‌ಗಳೇ. ಒಂದೇ ಕಿಟಕಿಯೊಳಗೆ ಹಲವು ಪುಟ ತೆರೆದಿಡಲು ಮೇಲೆ ಕಾಣುವ ಪಟ್ಟಿಗಳೇ ಟ್ಯಾಬ್.

1990ರ ದಶಕದಲ್ಲಿ ಹೆಚ್ಚಿನವರಿಗೆ ಒಂದು ಪುಟಕ್ಕೆ ಒಂದು ಕಿಟಕಿ. ಇನ್ನೊಂದು ಪುಟ ಬೇಕೆಂದರೆ ಇನ್ನೊಂದು ಕಿಟಕಿ. ಸೈಬರ್ ಕೆಫೆಯಲ್ಲಿ ಕೂತು ಪರೀಕ್ಷೆ ರಿಸಲ್ಟ್ ನೋಡಿದವರಿಗೆ ಇದು ನೆನಪಿರುತ್ತದೆ. ಆ ದಶಕದ ಕೊನೆಗೆ ನೆಟ್‌ಕ್ಯಾಪ್ಟರ್‌ನಂಥ ಸಣ್ಣ ಬ್ರೌಸರ್‌ಗಳಲ್ಲಿ ಟ್ಯಾಬ್ ಕಾಣಿಸಿಕೊಂಡಿತು. 2001ರಲ್ಲಿ ಮೊಜಿಲ್ಲಾ ಬ್ರೌಸರ್‌ಗೆ ಬಂತು, 2004ರ ಫೈರ್‌ಫಾಕ್ಸ್ ಅದನ್ನು ಎಲ್ಲೆಡೆ ಹಬ್ಬಿಸಿತು. ಆಗ ಬಹುಪಾಲು ಜನ ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಟ್ಯಾಬ್ ಬಂದದ್ದು 2006ರಲ್ಲಿ, ಅದರ 7ನೇ ಆವೃತ್ತಿಯಲ್ಲಿ.

ಆಗಿನ ಲೆಕ್ಕ ನಾಲ್ಕೈದು ಪುಟಗಳದ್ದು. ಮೇಲಿನ ಆ ಸಾಲಿನ ಅಗಲವೂ ಅಷ್ಟಕ್ಕೇ ಹೊಂದುವಂಥದ್ದು. ಈಗಲೂ ಅಗಲ ಅಷ್ಟೇ, ಪುಟಗಳು ಮಾತ್ರ ನಲವತ್ತು. ಟ್ಯಾಬ್ ಹೆಚ್ಚಾದಂತೆ ಕ್ರೋಮ್ ಒಂದೊಂದನ್ನೂ ಕಿರಿದು ಮಾಡುತ್ತಾ ಹೋಗುತ್ತದೆ, ಕೊನೆಗೆ ಹೆಸರು ಮಾಯವಾಗಿ ಚಿತ್ರ ಮಾತ್ರ ಉಳಿಯುತ್ತದೆ. ಫೈರ್‌ಫಾಕ್ಸ್ ಒಂದು ಮಟ್ಟಕ್ಕಿಂತ ಕಿರಿದು ಮಾಡದೆ, ಉಳಿದವನ್ನು ಪಕ್ಕಕ್ಕೆ ಸರಿಸಿ ನೋಡುವಂತೆ ಮಾಡುತ್ತದೆ. ಎರಡರಲ್ಲೂ ಹುಡುಕಾಟ ತಪ್ಪಿದ್ದಲ್ಲ.

## ಟ್ಯಾಬ್ ತೆರೆದಾಗ ಒಳಗೆ ನಡೆಯುವುದು

ರ್‍ಯಾಮ್ ಅಂದರೆ ಕಂಪ್ಯೂಟರ್ ಈ ಕ್ಷಣ ಮಾಡುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ಜಾಗ. ಫೋಟೊ, ಫೈಲ್‌ಗಳು ಇರುವ ಡಿಸ್ಕ್ ಬೇರೆ. ರ್‍ಯಾಮ್ ತುಂಬಾ ವೇಗ, ಆದರೆ ಕಡಿಮೆ ಜಾಗ. ಅದು ತುಂಬಿದಾಗ ಕಂಪ್ಯೂಟರ್ ಸದ್ಯಕ್ಕೆ ಬೇಡವಾದದ್ದನ್ನು ಡಿಸ್ಕ್‌ಗೆ ಸಾಗಿಸಿ, ಬೇಕಾದಾಗ ಮತ್ತೆ ಎಳೆದು ತರುತ್ತದೆ. ಈ ಸಾಗಾಟಕ್ಕೆ ಸಮಯ ಹಿಡಿಯುತ್ತದೆ. ಟ್ಯಾಬ್ ಬದಲಿಸಿದಾಗ ಎರಡು ಸೆಕೆಂಡ್ ಎಲ್ಲವೂ ನಿಂತಂತೆ ಆಗುವುದು ಇದರಿಂದಲೇ. ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ನಲ್ಲಿ ಇದು ಇನ್ನೂ ಜಾಸ್ತಿ.

ಪುಟವೊಂದು ಇಷ್ಟು ಜಾಗ ತಿನ್ನುವುದು ಯಾಕೆ? 2008ರ ಸೆಪ್ಟೆಂಬರ್‌ನಲ್ಲಿ ಬಂದ ಕ್ರೋಮ್ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ, ಅಂದರೆ ಬೇರೆ ಬೇರೆ ಪುಟ್ಟ ಆ್ಯಪ್‌ಗಳ ಹಾಗೆ ನಡೆಸತೊಡಗಿತು. ಒಂದು ಪುಟ ಕೆಟ್ಟು ನಿಂತರೂ ಉಳಿದವು ನಡೆಯುತ್ತವೆ. ಅದಕ್ಕೂ ಮುಂಚೆ ಒಂದು ಪುಟ ಕೈಕೊಟ್ಟರೆ ಇಡೀ ಬ್ರೌಸರ್ ಮುಚ್ಚಿಹೋಗುತ್ತಿದ್ದುದು ಮಾಮೂಲು. ಈ ಅನುಕೂಲದ ಬೆಲೆಯನ್ನು ನಾವು ರ್‍ಯಾಮ್‌ನಲ್ಲಿ ಕಟ್ಟುತ್ತೇವೆ, ಯಾಕೆಂದರೆ ಪ್ರತಿಯೊಂದು ಪ್ರಕ್ರಿಯೆಗೂ ತನ್ನದೇ ಸರಂಜಾಮು ಬೇಕು. 2018ರಲ್ಲಿ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಗೂಗಲ್ ಬೇರೆ ಬೇರೆ ಸೈಟ್‌ಗಳನ್ನು ಇನ್ನೂ ಕಟ್ಟುನಿಟ್ಟಾಗಿ ಬೇರ್ಪಡಿಸಿತು. ಅದರಿಂದ ಮೆಮೊರಿ ಬಳಕೆ ಶೇ. 10ರಿಂದ 13ರಷ್ಟು ಏರುತ್ತದೆ ಅಂತ ಗೂಗಲ್ಲೇ ಹೇಳಿತ್ತು. ನಿಮ್ಮ ಬ್ಯಾಂಕ್ ಪುಟವನ್ನು ಪಕ್ಕದ ಟ್ಯಾಬ್‌ನ ಸೈಟ್ ಇಣುಕಿ ನೋಡಬಾರದಲ್ಲ, ಅದಕ್ಕೆ ಈ ಖರ್ಚು.

ಎಲ್ಲ ಟ್ಯಾಬ್ ಒಂದೇ ತೂಕದವೂ ಅಲ್ಲ. ಬರೀ ಅಕ್ಷರ ಇರುವ ಪುಟ ಹಗುರ. ಮೇಲ್, ವಾಟ್ಸ್ಆ್ಯಪ್ ವೆಬ್, ಮ್ಯಾಪ್, ಮೂಲೆಯಲ್ಲಿ ಜಾಹೀರಾತು ಕುಣಿಯುವ ಸುದ್ದಿ ಸೈಟ್, ಇವು ಭಾರ. ಯಾವುದು ಎಷ್ಟು ತಿನ್ನುತ್ತಿದೆ ಅಂತ ನೋಡಬೇಕಾ? ವಿಂಡೋಸ್‌ನಲ್ಲಿ ಕ್ರೋಮ್ ತೆರೆದಿರುವಾಗ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಮೆಮೊರಿ ಅನ್ನುವ ಕಾಲಂ ಮೇಲೆ ಒತ್ತಿದರೆ ಹೆಚ್ಚು ತಿನ್ನುವವು ಮೇಲೆ ಬರುತ್ತವೆ. ಅಲ್ಲಿ ಮೊದಲ ಮೂರನ್ನು ಮುಚ್ಚಿದರೇ ಎಷ್ಟೋ ಸಲ ಫ್ಯಾನ್ ಸುಮ್ಮನಾಗುತ್ತದೆ. ಅಂದರೆ ಮೂವತ್ತು ಟ್ಯಾಬ್ ಮುಚ್ಚುವ ಕಷ್ಟ ಬೇಕಾಗಿಲ್ಲ.

## ಬ್ರೌಸರ್ ತಾನಾಗಿ ಮಾಡುವ ಉಳಿತಾಯ

ನೀವು ನೋಡದೇ ಇರುವ ಟ್ಯಾಬ್‌ಗಳನ್ನು ಮಲಗಿಸುವುದನ್ನು ಬ್ರೌಸರ್‌ಗಳು ಕಲಿತಿವೆ. ಎಡ್ಜ್‌ನಲ್ಲಿ ಇದಕ್ಕೆ ಸ್ಲೀಪಿಂಗ್ ಟ್ಯಾಬ್ಸ್ ಅಂತ ಹೆಸರು, 2021ರಲ್ಲಿ ಬಂತು. ಅದೇ ವರ್ಷ ವಿಂಡೋಸ್‌ನಲ್ಲಿ ಮೆಮೊರಿ ಮುಗಿಯುತ್ತಾ ಬಂದಾಗ ಟ್ಯಾಬ್ ಇಳಿಸಿಹಾಕುವ ವ್ಯವಸ್ಥೆ ಫೈರ್‌ಫಾಕ್ಸ್‌ಗೂ ಬಂತು. ಕ್ರೋಮ್‌ನ ಮೆಮೊರಿ ಸೇವರ್ 2022ರ ಡಿಸೆಂಬರ್‌ನದ್ದು. ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಅನ್ನುವ ಕಡೆ ಅದು ಆನ್ ಆಗಿದೆಯಾ ನೋಡಿ.

ಮಲಗಿದ ಟ್ಯಾಬ್‌ನ ಹೆಸರು, ಚಿತ್ರ ಮೇಲೆ ಹಾಗೇ ಇರುತ್ತವೆ, ಒಳಗಿನ ಪುಟ ಮಾತ್ರ ರ್‍ಯಾಮ್‌ನಿಂದ ಹೊರಗೆ. ಅದರ ಮೇಲೆ ಒತ್ತಿದಾಗ ಪುಟ ಮತ್ತೆ ಲೋಡ್ ಆಗುತ್ತದೆ. ಅರ್ಧ ತುಂಬಿದ ಫಾರ್ಮ್ ಹೋಗಿಬಿಡುತ್ತದಾ ಅನ್ನೋ ಭಯ ಸಹಜ. ಹಾಡು ಅಥವಾ ವಿಡಿಯೋ ಕಾಲ್ ನಡೆಯುತ್ತಿರುವ ಟ್ಯಾಬ್, ಡೌನ್‌ಲೋಡ್ ಆಗುತ್ತಿರುವುದು, ಅರ್ಧ ತುಂಬಿದ ಫಾರ್ಮ್ ಇರುವುದು, ಇವನ್ನು ಕ್ರೋಮ್ ಮಲಗಿಸುವುದಿಲ್ಲ. ಇನ್ನೂ ಧೈರ್ಯ ಬರಲಿಲ್ಲ ಅಂದರೆ ಅದೇ ಸೆಟ್ಟಿಂಗ್‌ನಲ್ಲಿ 'ಈ ಸೈಟ್ ಸದಾ ಎಚ್ಚರ ಇರಲಿ' ಅಂತ ಸೈಟ್‌ನ ವಿಳಾಸ ಸೇರಿಸಬಹುದು.

ಹೀಗಾಗಿ ಯಂತ್ರದ ಕಡೆಯ ಭಾರ ಸಾಕಷ್ಟು ಇಳಿದಿದೆ. ತಲೆಯ ಕಡೆಯದು ಇಳಿದಿಲ್ಲ. ಮಲಗಿದ ಟ್ಯಾಬ್ ಕೂಡ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಅಲ್ವಾ?

## ಮುಚ್ಚಲು ಮನಸ್ಸು ಬರದೇ ಇರುವುದು ಯಾಕೆ

ಹಿಂದೆ ಮನೆಯ ಹೆಂಗಸರು ಏನನ್ನಾದರೂ ಮರೆಯಬಾರದು ಅಂದಾಗ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಕೈಗೆ ಗಂಟು ಸಿಕ್ಕಾಗ ವಿಷಯ ನೆನಪಾಗುತ್ತಿತ್ತು. ತೆರೆದಿಟ್ಟ ಟ್ಯಾಬ್ ಮಾಡುವ ಕೆಲಸವೂ ಬಹುಪಾಲು ಇದೇ. 'ಇದನ್ನು ಓದಬೇಕು', 'ಈ ಬಿಲ್ ಕಟ್ಟಬೇಕು', 'ಈ ಕಾಲೇಜಿಗೆ ಫೋನ್ ಮಾಡಬೇಕು'. ಒಂದೆರಡು ಗಂಟಾದರೆ ಸರಿ. ಇಡೀ ಸೆರಗು ಗಂಟಾದರೆ ಯಾವುದು ಯಾತಕ್ಕೆ ಹಾಕಿದ್ದು ಅಂತ ಹೇಳುವವರು ಯಾರು?

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಇದನ್ನೇ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದರು. ಟ್ಯಾಬ್ ಜಾಸ್ತಿಯಾಗಿದೆ ಅಂತ ಜನರಿಗೆ ಗೊತ್ತಿತ್ತು, ಕಿರಿಕಿರಿಯೂ ಇತ್ತು. ಆದರೂ ಮುಚ್ಚುತ್ತಿರಲಿಲ್ಲ. ಕಣ್ಣಿಂದ ಮರೆಯಾದರೆ ಕೈತಪ್ಪಿ ಹೋದ ಹಾಗೇ ಅನ್ನುವ ಭಯ ಅವರಿಗೆ. ಕಷ್ಟಪಟ್ಟು ಹುಡುಕಿದ್ದನ್ನು ಮತ್ತೆ ಹುಡುಕುವುದು ಬೇಡ ಅನ್ನುವುದೂ ಇತ್ತು. ಆ ಅಧ್ಯಯನದ ಒಂದು ಭಾಗದಲ್ಲಿ, ಟ್ಯಾಬ್ ಹೆಚ್ಚಾಗಿ ತಮ್ಮ ಬ್ರೌಸರ್ ಅಥವಾ ಕಂಪ್ಯೂಟರ್ ಕ್ರ್ಯಾಶ್ ಆಗಿತ್ತು ಅಂತ ಸುಮಾರು ಶೇ. 25 ಮಂದಿ ಹೇಳಿದ್ದರು. ಇದು ಸೋಮಾರಿತನ ಅಂತ ಬಯ್ಯುವುದರಲ್ಲಿ ಅರ್ಥವಿಲ್ಲ. ನೆನಪಿಡಲು ಬೇರೆ ಜಾಗ ಸಿಗದೇ ಇದ್ದಾಗ ಜನ ಇರುವ ಜಾಗವನ್ನೇ ಬಳಸುತ್ತಾರೆ.

## ಗಮನಕ್ಕೆ ಆಗುವ ತೊಂದರೆ

ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸು ಪೂರ್ತಿ ಹೋಗುವುದಿಲ್ಲ. ಸ್ವಲ್ಪ ಭಾಗ ಹಿಂದಿನ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಸಂಶೋಧಕಿ ಸೋಫಿ ಲರಾಯ್ 2009ರ ತಮ್ಮ ಪ್ರಬಂಧದಲ್ಲಿ ಇದನ್ನು ಗಮನದ ಉಳಿಕೆ ಎಂಬ ಅರ್ಥದ ಹೆಸರಿನಿಂದ ಕರೆದರು. ಹೀಗೆ ಉಳಿಕೆ ಇದ್ದವರು ಮುಂದಿನ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಲಿಲ್ಲ. ಆ ಪ್ರಯೋಗ ಟ್ಯಾಬ್‌ಗಳ ಮೇಲೆ ನಡೆದದ್ದಲ್ಲ, ಕೆಲಸ ಬದಲಿಸುವುದರ ಮೇಲೆ ನಡೆದದ್ದು. ಆದರೆ ಕಟಾಫ್ ನೋಡುತ್ತಾ ನೋಡುತ್ತಾ ಮೇಲ್ ಟ್ಯಾಬ್‌ನಲ್ಲಿ '(3)' ಅಂತ ಕಂಡು ಅಲ್ಲಿಗೆ ಹೋಗಿ, ಅಲ್ಲಿಂದ ಬಸ್ ಬುಕಿಂಗ್‌ಗೆ ಜಿಗಿಯುವುದು ಕೆಲಸ ಬದಲಿಸುವುದೇ ತಾನೇ?

ಲರಾಯ್ ಮತ್ತು ಥೆರೆಸಾ ಗ್ಲಾಂಬ್ 2018ರಲ್ಲಿ ಇದಕ್ಕೊಂದು ಸರಳ ಉಪಾಯವನ್ನೂ ಪರೀಕ್ಷಿಸಿದರು. ಕೆಲಸ ಬಿಟ್ಟು ಏಳುವ ಮೊದಲು 'ಎಲ್ಲಿಗೆ ನಿಲ್ಲಿಸಿದೆ, ಬಂದು ಮೊದಲು ಏನು ಮಾಡಬೇಕು' ಅಂತ ಚುಟುಕಾಗಿ ಬರೆದಿಡುವುದು. ಹಾಗೆ ಬರೆದವರಿಗೆ ನಡುವೆ ಬಂದ ಕೆಲಸದ ಮೇಲೆ ಗಮನ ಇಡುವುದು ಸುಲಭವಾಯಿತು. ನಮ್ಮ ವಿಷಯಕ್ಕೆ ತಂದರೆ, ಹತ್ತು ಟ್ಯಾಬ್ ತೆರೆದಿಟ್ಟು ಊಟಕ್ಕೆ ಏಳುವುದಕ್ಕಿಂತ, 'ಎರಡನೇ ಸುತ್ತಿನ ಪಿಡಿಎಫ್‌ನಲ್ಲಿ ಮೈಸೂರಿನ ಕಾಲೇಜುಗಳು ಮುಗಿದವು, ಹಾಸನದ್ದು ಬಾಕಿ' ಅನ್ನುವ ಒಂದು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

## ಆ ಟ್ಯಾಬ್ ಅಲ್ಲಿ ಯಾಕಿದೆ?

ಟ್ಯಾಬ್ ಕಡಿಮೆ ಮಾಡುವ ಸಲಹೆಗಳಲ್ಲಿ 'ಹತ್ತಕ್ಕಿಂತ ಹೆಚ್ಚು ಬೇಡ' ಅನ್ನುವಂಥವು ಸಿಗುತ್ತವೆ. ಲೆಕ್ಕ ಇಟ್ಟು ಟ್ಯಾಬ್ ಮುಚ್ಚುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಒಂದೊಂದು ಟ್ಯಾಬ್ ಅಲ್ಲಿ ಯಾಕೆ ಕೂತಿದೆ ಅಂತ ಕೇಳಿದರೆ ಕೆಲಸ ಬೇಗ ಆಗುತ್ತದೆ. ಸಿಇಟಿ ಮನೆಯ ಆ ಸಾಲನ್ನೇ ಎಡದಿಂದ ನೋಡುತ್ತಾ ಹೋಗೋಣ.

ಕಾಲೇಜಿನ ಸೈಟ್‌ಗಳು ಏಳೆಂಟು ಇವೆ. ಅವುಗಳಿಂದ ಬೇಕಿರುವುದು ಏನು? ಫೀಸು ಎಷ್ಟು, ಹಾಸ್ಟೆಲ್ ಇದೆಯಾ, ಊರಿಂದ ಎಷ್ಟು ದೂರ. ಅಂದರೆ ಒಂದು ಇಡೀ ಟ್ಯಾಬ್ ತೆರೆದಿರುವುದು ಎರಡು ಮೂರು ಸಂಖ್ಯೆಗೋಸ್ಕರ. ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟ್ ತೆರೆದು ಕಾಲೇಜು, ಕೋರ್ಸ್, ನಮ್ಮ ಕೆಟಗರಿಯ ಹೋದ ವರ್ಷದ ಕಟಾಫ್, ಫೀಸು, ದೂರ ಅಂತ ಐದು ಕಾಲಂ ಮಾಡಿ. ಸಂಖ್ಯೆ ಬರೆದುಕೊಳ್ಳಿ, ಆರನೇ ಕಾಲಂನಲ್ಲಿ ಆ ಪುಟದ ಲಿಂಕ್ ಅಂಟಿಸಿ, ಟ್ಯಾಬ್ ಮುಚ್ಚಿ. ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಬರೆದರೂ ಆಯಿತು. ಹೋಲಿಸಿ ನೋಡುವ ಕೆಲಸಕ್ಕೆ ಇದರಷ್ಟು ಒಳ್ಳೆಯ ದಾರಿ ಇಲ್ಲ. ಎಂಟು ಟ್ಯಾಬ್‌ಗಳ ನಡುವೆ ಓಡಾಡಿ ತಲೆಯಲ್ಲೇ ಹೋಲಿಸುವುದು ಆಗದ ಮಾತು, ಒಂದರ ಫೀಸು ನೋಡುವಷ್ಟರಲ್ಲಿ ಹಿಂದಿನದು ಮರೆತಿರುತ್ತದೆ. ಮನೆಯವರೆಲ್ಲ ಕೂತು ಆಪ್ಷನ್ ಕ್ರಮ ತೀರ್ಮಾನಿಸುವಾಗಲೂ ಆ ಶೀಟ್ ಒಂದೇ ಸಾಕು.

ಕಟಾಫ್ ಪಿಡಿಎಫ್‌ಗಳನ್ನು ಡೌನ್‌ಲೋಡ್ ಮಾಡಿ, ನಿಮಗೆ ಅರ್ಥವಾಗುವ ಹೆಸರು ಕೊಟ್ಟು ಒಂದು ಫೋಲ್ಡರ್‌ನಲ್ಲಿ ಹಾಕಿ. ಕೊನೆಯ ದಿನ ಸೈಟ್ ನಿಧಾನವಾದರೂ ಫೈಲ್ ಕೈಯಲ್ಲಿರುತ್ತದೆ.

ಕರೆಂಟ್ ಬಿಲ್ ಕಟ್ಟುವ ಪುಟ ನಾಲ್ಕು ದಿನದಿಂದ ತೆರೆದಿದ್ದರೆ ಅದು ಬರೀ ನೆನಪಿಗೆ ಇಟ್ಟದ್ದು. ಟ್ಯಾಬ್‌ಗೆ ತಾರೀಕು ಗೊತ್ತಿಲ್ಲ, ಕೂಗಿ ಹೇಳುವುದೂ ಇಲ್ಲ. ಫೋನಿನಲ್ಲಿ ಆ ದಿನಕ್ಕೊಂದು ರಿಮೈಂಡರ್ ಇಡಿ.

ಆಫೀಸ್ ಮೇಲ್ ದಿನವಿಡೀ ಬೇಕು ಅಂದರೆ ಟ್ಯಾಬ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಪಿನ್ ಮಾಡಿ. ಎಡ ತುದಿಗೆ ಪುಟ್ಟದಾಗಿ ಸೇರಿಕೊಳ್ಳುತ್ತದೆ, ಸುಲಭಕ್ಕೆ ಕೈತಪ್ಪಿ ಮುಚ್ಚಿಹೋಗುವುದಿಲ್ಲ.

'ಆಮೇಲೆ ಓದೋಣ' ಅಂತ ಬಿಟ್ಟ ಲೇಖನ, ವಿಡಿಯೋಗಳನ್ನು ಕ್ರೋಮ್‌ನ ಅಥವಾ ಸಫಾರಿಯ ರೀಡಿಂಗ್ ಲಿಸ್ಟ್‌ಗೆ ಹಾಕಿ. ಅದರಲ್ಲಿ ಮುಕ್ಕಾಲು ಪಾಲು ಯಾವತ್ತೂ ಓದುವುದಿಲ್ಲ ಅನ್ನುವುದು ಬೇರೆ ಮಾತು.

## ಮುಚ್ಚಿದ್ದು ಎಲ್ಲಿಗೂ ಹೋಗುವುದಿಲ್ಲ

ಕೈತಪ್ಪಿ ಹೋಗುತ್ತದೆ ಅನ್ನುವ ಭಯಕ್ಕೆ ಮದ್ದು ಮೂರು ಕೀ: ಕಂಟ್ರೋಲ್, ಶಿಫ್ಟ್, ಟಿ. ಈಗಷ್ಟೇ ಮುಚ್ಚಿದ ಟ್ಯಾಬ್ ವಾಪಸ್ ಬರುತ್ತದೆ. ಮತ್ತೆ ಮತ್ತೆ ಒತ್ತಿದರೆ ಅದರ ಹಿಂದಿನವೂ ಒಂದೊಂದಾಗಿ ಬರುತ್ತವೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ನೋಡಿದ್ದನ್ನು ಹಿಸ್ಟರಿಯಲ್ಲಿ ಉಳಿಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ.

ನಿನ್ನೆ ಮೊನ್ನೆ ನೋಡಿದ್ದು ಬೇಕಾದರೆ ಹಿಸ್ಟರಿ ಇದೆ, ಕಂಟ್ರೋಲ್ ಮತ್ತು ಎಚ್. ಕ್ರೋಮ್ ಇದನ್ನು 90 ದಿನ ಇಟ್ಟುಕೊಳ್ಳುತ್ತದೆ. ಮೂರು ತಿಂಗಳ ನಂತರವೂ ಬೇಕು ಅನ್ನಿಸಿದ್ದನ್ನು ಬುಕ್‌ಮಾರ್ಕ್ ಮಾಡಿ. ಕಂಟ್ರೋಲ್, ಶಿಫ್ಟ್, ಡಿ ಒತ್ತಿದರೆ ತೆರೆದಿರುವ ಅಷ್ಟೂ ಟ್ಯಾಬ್ ಒಂದೇ ಬುಕ್‌ಮಾರ್ಕ್ ಫೋಲ್ಡರ್‌ಗೆ ಹೋಗುತ್ತವೆ. ಒಂದೊಂದಾಗಿ ಯೋಚಿಸಲು ಪುರುಸೊತ್ತಿಲ್ಲ ಅನ್ನುವ ದಿನ ಹೀಗೆ ಮಾಡಿ, ಫೋಲ್ಡರ್‌ಗೆ ತಾರೀಕಿನ ಹೆಸರು ಕೊಟ್ಟು, ಎಲ್ಲವನ್ನೂ ಮುಚ್ಚಿಬಿಡಬಹುದು.

## ಗುಂಪು ಮಾಡುವುದು, ಹುಡುಕುವುದು

ನಿಜವಾಗಿಯೂ ಬೇಕಾದವೇ ಹದಿನೈದು ಇದ್ದರೆ ಗುಂಪು ಮಾಡಿ. ಟ್ಯಾಬ್ ಗ್ರೂಪ್ ಕ್ರೋಮ್‌ಗೆ ಬಂದದ್ದು 2020ರಲ್ಲಿ, ಫೈರ್‌ಫಾಕ್ಸ್‌ಗೆ 2025ರ ಏಪ್ರಿಲ್‌ನಲ್ಲಿ. ಟ್ಯಾಬ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಹೊಸ ಗ್ರೂಪ್‌ಗೆ ಸೇರಿಸಿ, ಹೆಸರು ಕೊಡಿ. ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಆ ಹೆಸರಿನ ಮೇಲೆ ಒತ್ತಿದರೆ ಇಡೀ ಗುಂಪು ಮಡಚಿಕೊಳ್ಳುತ್ತದೆ. 'ಕಾಲೇಜು' ತೆರೆದಿರುವಾಗ 'ಆಫೀಸು' ಮಡಚಿಟ್ಟರೆ ಮೇಲ್‌ನ ಆ '(3)' ಕಣ್ಣಿಗೆ ಬೀಳುವುದಿಲ್ಲ. ಹೊಸ ಕ್ರೋಮ್‌ನಲ್ಲಿ ಗುಂಪನ್ನು ಮುಚ್ಚಿದರೂ ಅದು ಬುಕ್‌ಮಾರ್ಕ್ ಸಾಲಿನಲ್ಲಿ ಉಳಿದಿರುತ್ತದೆ. ಕ್ಲೋಸ್ ಮತ್ತು ಡಿಲೀಟ್ ಎರಡೂ ಅದೇ ಮೆನುವಿನಲ್ಲಿರುತ್ತವೆ. ಡಿಲೀಟ್ ಒತ್ತಿದರೆ ಗುಂಪೇ ಹೋಯಿತು, ನೋಡಿ ಒತ್ತಿ.

ಹುಡುಕಲು ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ. ತೆರೆದಿರುವ ಟ್ಯಾಬ್‌ಗಳ ಪೂರ್ತಿ ಹೆಸರಿನ ಪಟ್ಟಿ ಬರುತ್ತದೆ, ಒಂದೆರಡು ಅಕ್ಷರ ಬರೆದರೆ ಸಾಕು. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಜಾಗದಲ್ಲಿ ಶೇಕಡಾ ಗುರುತು ಹಾಕಿ, ಜಾಗ ಬಿಟ್ಟು ಬರೆಯಿರಿ. ಟ್ಯಾಬ್‌ಗಳನ್ನು ಮೇಲಿನ ಬದಲು ಎಡಬದಿಯಲ್ಲಿ ಉದ್ದಕ್ಕೆ ಜೋಡಿಸುವ ಸೌಲಭ್ಯ ಎಡ್ಜ್‌ನಲ್ಲಿ 2021ರಿಂದ, ಫೈರ್‌ಫಾಕ್ಸ್‌ನಲ್ಲಿ 2025ರ ಮಾರ್ಚ್‌ನಿಂದ ಇದೆ. ಹಾಗೆ ಜೋಡಿಸಿದರೆ ಹೆಸರುಗಳು ಓದಲು ಸಿಗುತ್ತವೆ. ಅಗಲವಾದ ಪರದೆ ಇರುವವರು ಒಮ್ಮೆ ನೋಡಿ.

## ಒಂದೇ ಸೈಟ್, ಎರಡು ಟ್ಯಾಬ್

ಇದು ಟ್ಯಾಬ್‌ಗಳ ಸಂಖ್ಯೆಗೆ ಸಂಬಂಧಿಸಿದ್ದಲ್ಲ, ಆದರೆ ಅರ್ಜಿ ಹಾಕುವವರು ತಿಳಿದಿರಬೇಕು. ಒಂದು ಬ್ರೌಸರ್‌ನ ಎಲ್ಲ ಟ್ಯಾಬ್‌ಗಳೂ ಒಂದೇ ಲಾಗಿನ್ ಹಂಚಿಕೊಳ್ಳುತ್ತವೆ. ನೀವು ಯಾರು ಅನ್ನುವುದನ್ನು ಸೈಟ್ ಕುಕೀ ಎಂಬ ಸಣ್ಣ ಗುರುತಿನಿಂದ ತಿಳಿಯುತ್ತದೆ, ಆ ಗುರುತು ಟ್ಯಾಬ್‌ಗೊಂದಲ್ಲ, ಬ್ರೌಸರ್‌ಗೊಂದು. ಅಕ್ಕನ ಅರ್ಜಿ ಒಂದು ಟ್ಯಾಬ್‌ನಲ್ಲಿ, ತಮ್ಮನ ಅರ್ಜಿ ಇನ್ನೊಂದರಲ್ಲಿ ತೆರೆದರೆ ಎರಡನೆಯ ಲಾಗಿನ್ ಮೊದಲನೆಯದನ್ನು ಅಳಿಸಬಹುದು. ಮೊದಲ ಟ್ಯಾಬ್ ಹೊರನೋಟಕ್ಕೆ ಹಾಗೇ ಇರುತ್ತದೆ, ಸಬ್‌ಮಿಟ್ ಒತ್ತಿದಾಗ ಗೊಂದಲ ಶುರು. ಇಬ್ಬರದನ್ನೂ ಒಟ್ಟಿಗೆ ಮಾಡಲೇಬೇಕು ಅಂದರೆ ಒಂದು ಕ್ರೋಮ್‌ನಲ್ಲಿ, ಇನ್ನೊಂದು ಎಡ್ಜ್‌ನಲ್ಲಿ ಮಾಡಿ. ಕ್ರೋಮ್‌ನಲ್ಲೇ ಬೇರೆ ಪ್ರೊಫೈಲ್, ಅಂದರೆ ಕುಕೀ, ಹಿಸ್ಟರಿ ಎಲ್ಲ ಬೇರೆಯಾಗಿರುವ ಇನ್ನೊಂದು ಖಾತೆ, ಮಾಡಿಕೊಂಡರೂ ಆಗುತ್ತದೆ. ಆಫೀಸಿಗೊಂದು, ಮನೆಗೊಂದು ಪ್ರೊಫೈಲ್ ಇಟ್ಟುಕೊಂಡರೆ ಟ್ಯಾಬ್‌ಗಳೂ ತಾವಾಗಿ ಬೇರೆಯಾಗುತ್ತವೆ.

## ಫೋನಿನಲ್ಲಿ

ಫೋನಿನಲ್ಲಿ ಟ್ಯಾಬ್ ಕಣ್ಣಿಗೇ ಕಾಣುವುದಿಲ್ಲ, ಹಾಗಾಗಿ ಸದ್ದಿಲ್ಲದೆ ಬೆಳೆಯುತ್ತವೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಟ್ಯಾಬ್ ಎಣಿಸುವ ಚೌಕದಲ್ಲಿ 99 ದಾಟಿದ ಮೇಲೆ ಸಂಖ್ಯೆಯ ಬದಲು ನಗುವ ಮುಖ ಬರುತ್ತದೆ. ಅದನ್ನು ನೋಡಿದವರು ಕಡಿಮೆ ಏನಿಲ್ಲ. 21 ದಿನ ಮುಟ್ಟದ ಟ್ಯಾಬ್‌ಗಳನ್ನು ಕ್ರೋಮ್ ತಾನೇ ಬೇರೆ ಕಡೆ ಸರಿಸಿಡುತ್ತದೆ, ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲಿ ಇದು 14 ದಿನ. ಐಫೋನ್ ಸಫಾರಿಯಲ್ಲಿ 500ರ ಮಿತಿ ಇದೆ. ಸೆಟ್ಟಿಂಗ್ಸ್‌ನ ಸಫಾರಿ ಭಾಗದಲ್ಲಿ ಕ್ಲೋಸ್ ಟ್ಯಾಬ್ಸ್ ಅನ್ನುವಲ್ಲಿ ಒಂದು ದಿನ, ವಾರ, ತಿಂಗಳು ಅಂತ ಆರಿಸಿಟ್ಟರೆ ಹಳೆಯವು ತಾವಾಗಿ ಮುಚ್ಚಿಕೊಳ್ಳುತ್ತವೆ.

## ಎಕ್ಸ್‌ಟೆನ್ಶನ್ ಹಾಕುವ ಮೊದಲು

ಟ್ಯಾಬ್ ನಿಭಾಯಿಸುವ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ಮೇಲಿಂದ ಸೇರಿಸುವ ಸಣ್ಣ ಆ್ಯಪ್‌ಗಳು, ಬೇಕಾದಷ್ಟಿವೆ. ದಿ ಗ್ರೇಟ್ ಸಸ್ಪೆಂಡರ್ ಅನ್ನುವುದರ ಕಥೆ ಮಾತ್ರ ಗೊತ್ತಿರಲಿ. ಬಳಸದ ಟ್ಯಾಬ್ ಮಲಗಿಸುವ ಈ ಎಕ್ಸ್‌ಟೆನ್ಶನ್‌ಗೆ 20 ಲಕ್ಷಕ್ಕೂ ಹೆಚ್ಚು ಬಳಕೆದಾರರಿದ್ದರು. 2020ರಲ್ಲಿ ಅದನ್ನು ಮಾಡಿದವರು ಬೇರೆಯವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ, ಅದರಲ್ಲಿ ಮಾಲ್‌ವೇರ್, ಅಂದರೆ ಕೇಡು ಮಾಡುವ ಕೋಡ್, ಇದೆ ಅಂತ ಗೂಗಲ್ ಅದನ್ನು ಎಲ್ಲರ ಬ್ರೌಸರ್‌ನಲ್ಲೂ ನಿಲ್ಲಿಸಿಬಿಟ್ಟಿತು. ಅದರಲ್ಲಿ ಮಲಗಿದ್ದ ಟ್ಯಾಬ್‌ಗಳೂ ಜೊತೆಗೇ ಹೋದವು. ಹಿಸ್ಟರಿಯಲ್ಲಿ ಉಳಿದ ಉದ್ದುದ್ದ ವಿಳಾಸಗಳೊಳಗಿಂದ ಮೂಲ ಪುಟದ ಲಿಂಕ್ ಹೆಕ್ಕಿ ತೆಗೆಯುತ್ತಾ ಜನ ಪರದಾಡಿದರು.

ಕಂಪನಿಗಳ ಸೇವೆಗಳೂ ಅಷ್ಟೇ. ಆಮೇಲೆ ಓದಲು ಲೇಖನ ಕೂಡಿಡುವ ಪಾಕೆಟ್ ಅನ್ನು ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ 2025ರ ಜುಲೈ 8ರಂದು ಮುಚ್ಚಿತು. ಮಲಗಿಸುವುದು, ಗುಂಪು, ಹುಡುಕಾಟ ಎಲ್ಲ ಈಗ ಬ್ರೌಸರ್‌ನಲ್ಲೇ ಇರುವಾಗ ಹೊರಗಿನದ್ದು ಸಾಮಾನ್ಯ ಬಳಕೆಗೆ ಬೇಕಾಗುವುದಿಲ್ಲ. ಕ್ರೋಮ್‌ನ ಬುಕ್‌ಮಾರ್ಕ್ ಮ್ಯಾನೇಜರ್ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, ಎಕ್ಸ್‌ಪೋರ್ಟ್ ಕೊಟ್ಟರೆ ಎಲ್ಲ ಲಿಂಕ್‌ಗಳೂ ಒಂದು ಫೈಲ್ ಆಗಿ ಡಿಸ್ಕ್‌ಗೆ ಬರುತ್ತವೆ. ಆ ಫೈಲ್ ಯಾವ ಬ್ರೌಸರ್‌ನಲ್ಲಾದರೂ ತೆರೆಯುತ್ತದೆ.